ಒಂದು ಏಫಾ ಅಕ್ಕಿ ಅಳೆದ ಮಧ್ಯಾಹ್ನ

ಆ ಭಾನುವಾರ ಬೈಬಲ್ ತರಗತಿಯ ಮೇಜಿನ ಮೇಲೆ ಪುಸ್ತಕಕ್ಕಿಂತ ಸಾಮಾನೇ ಹೆಚ್ಚು: ದರ್ಜಿಯ ಟೇಪು, ಹಳೆಯದೊಂದು ಸೇರು, ಲೀಟರಿನ ಅಳತೆ ಪಾತ್ರೆ, ದೊಡ್ಡ ಬಕೆಟ್, 25 ಕಿಲೋ ಅಕ್ಕಿ ಮೂಟೆ. ಅಳತೆಯ ಪದಗಳನ್ನು ಬಾಯಲ್ಲಿ ವಿವರಿಸುವುದು ಬಿಟ್ಟು ಕೈಯಲ್ಲೇ ಅಳೆದು ನೋಡುವುದು ಅಂದಿನ ಕೆಲಸ.

ಮೊದಲು ಮೊಳ. ಹೀಬ್ರೂವಿನ 'ಅಮ್ಮಾ' ಎಂದರೆ ಮೊಣಕೈಯಿಂದ ನಡುಬೆರಳ ತುದಿಯವರೆಗಿನ ಉದ್ದ. ಹೂವಾಡಗಿತ್ತಿ ಮಲ್ಲಿಗೆ ಅಳೆದುಕೊಡುವ ಮೊಳವೂ ಅದೇ. ಎರಡು ಗೇಣಿಗೆ ಒಂದು ಮೊಳ ಎಂಬ ಲೆಕ್ಕ ಅಲ್ಲೂ ಇದೆ, ಇಲ್ಲೂ ಇದೆ. ಒಂದು ಮೊಳಕ್ಕೆ ಆರು ಅಂಗೈ ಅಗಲ, ಅಂದರೆ 24 ಬೆರಳು. ಕೈಯಿಂದ ಕೈಗೆ ಉದ್ದ ಬದಲಾಗುವುದರಿಂದ ಸೆಂಟಿಮೀಟರಿನ ಲೆಕ್ಕಕ್ಕೆ ಗಟ್ಟಿ ಆಧಾರವೊಂದು ಬೇಕು. ಅದು ಸಿಗುವುದು ಯೆರೂಸಲೇಮಿನ ನೆಲದಡಿಯಲ್ಲಿ. ಹಿಜ್ಕೀಯನ ಸುರಂಗವೆಂದು ಹೆಸರಾದ ಕಾಲುವೆಯ ಗೋಡೆಯಲ್ಲಿ 1880ರಲ್ಲಿ ಸಿಕ್ಕ ಸಿಲೋವ ಶಾಸನ, ನೀರು 1200 ಮೊಳ ಹರಿಯಿತು ಎನ್ನುತ್ತದೆ. ಇಂದು ಅಳೆದರೆ ಆ ಸುರಂಗ ಸುಮಾರು 533 ಮೀಟರ್. ಭಾಗಿಸಿದರೆ ಮೊಳಕ್ಕೆ 44.4 ಸೆಂಟಿಮೀಟರ್. 1200 ಎಂಬುದು ಅಂಚು ಸವರಿದ ಸಂಖ್ಯೆ ಇರಬಹುದು, ಆದರೂ ಕೈಯಳತೆಗೆ ಚೆನ್ನಾಗಿಯೇ ಹೊಂದುತ್ತದೆ.

ಒಂದು ಎಚ್ಚರಿಕೆ: ಯೆಹೆಜ್ಕೇಲ 40:5ರ ಅಳತೆಕೋಲಿನ ಮೊಳ ಬೇರೆ. ಅದು ಮೊಳದ ಮೇಲೆ ಇನ್ನೊಂದು ಅಂಗೈ ಅಗಲ, ಅಂದರೆ ಆರಲ್ಲ, ಏಳು. ಹತ್ತಿರ ಹತ್ತಿರ 52 ಸೆಂಟಿಮೀಟರ್. ನೋಹನ ನಾವೆಗೂ ಯೆಹೆಜ್ಕೇಲನ ದೇವಾಲಯಕ್ಕೂ ಒಂದೇ ಗುಣಕ ಹಾಕಿದರೆ ನಕ್ಷೆ ತಪ್ಪುತ್ತದೆ. ದಾವೀದ ಕೊಂದ ದೈತ್ಯ ಗೊಲ್ಯಾತನ ಎತ್ತರದ ವಿಷಯದಲ್ಲಿ ತೊಡಕು ಮೊಳದ್ದಲ್ಲ, ಹಸ್ತಪ್ರತಿಗಳದ್ದು. 1 ಸಮುವೇಲ 17:4ರ ರೂಢಿಯ ಹೀಬ್ರೂ ಪಾಠದಲ್ಲಿ ಆರು ಮೊಳ ಒಂದು ಗೇಣು, ಸುಮಾರು 2.9 ಮೀಟರ್. ಮೃತಸಮುದ್ರದ ಸುರುಳಿಯೊಂದರಲ್ಲೂ ಹಳೆಯ ಗ್ರೀಕ್ ಅನುವಾದದಲ್ಲೂ ನಾಲ್ಕು ಮೊಳ ಒಂದು ಗೇಣು, ಎರಡು ಮೀಟರ್. ಟೇಪನ್ನು ಗೋಡೆಗೆ ಹಿಡಿದಾಗ ಎರಡನೆಯವನು ಬಾಗಿಲ ಚೌಕಟ್ಟಿನಲ್ಲಿ ತಲೆ ತಗ್ಗಿಸಿ ಒಳಗೆ ಬರಬಲ್ಲವನಾದ.

ಇನ್ನು ಅಕ್ಕಿ. ಧಾನ್ಯದ ಅಳತೆಯಾದ ಏಫಾ ಎಂದರೆ ಸುಮಾರು 22 ಲೀಟರ್. ದ್ರವದ ಅಳತೆಯಾದ ಬತ್ ಕೂಡ ಅಷ್ಟೇ ಎಂದು ಯೆಹೆಜ್ಕೇಲ 45:11 ಹೇಳುತ್ತದೆ. ಬತ್ ಎಂದು ಬರೆದಿದ್ದ, ಒಡೆದುಹೋದ ಜಾಡಿಗಳನ್ನು ಕಲ್ಪಿಸಿ ಜೋಡಿಸಿ ತೆಗೆದ ಅಂದಾಜು ಇದು. ಇದಕ್ಕಿಂತ ದೊಡ್ಡ ಅಂಕಿ ಹೇಳುವವರೂ ಇದ್ದಾರೆ. ಬಕೆಟ್ಟಿಗೆ ಲೀಟರಿನ ಪಾತ್ರೆಯಿಂದ 22 ಸಲ ಸುರಿದೆವು. ಪ್ರತಿ ಸಲವೂ ಪಾತ್ರೆಯ ಬಾಯಿಯ ಮೇಲೆ ಸ್ಕೇಲು ಎಳೆಯಬೇಕು. ಗೋಪುರ ಕಟ್ಟಿ ಸುರಿದರೆ ಕೊನೆಗೆ ಲೀಟರುಗಟ್ಟಲೆ ಹೆಚ್ಚಾಗುತ್ತದೆ. ಜಡಿದು, ಅಲ್ಲಾಡಿಸಿ, ಹೊರಚೆಲ್ಲುವಂತೆ ಅಳೆಯುವ ಲೂಕನ ಮಾತು ಎಷ್ಟು ಉದಾರದ್ದೆಂದು ಅಲ್ಲೇ ಅರ್ಥವಾಗುತ್ತದೆ.

ಏಫಾದ ಹತ್ತನೇ ಒಂದು ಪಾಲು ಓಮೆರ್ (ವಿಮೋಚನಕಾಂಡ 16:36): 2.2 ಲೀಟರ್, ಮರುಭೂಮಿಯಲ್ಲಿ ಇಸ್ರಾಯೇಲರಿಗೆ ಸಿಕ್ಕ ಆಹಾರವಾದ ಮನ್ನ, ತಲೆಗೊಂದು ದಿನಕ್ಕೆ ಇಷ್ಟು. ಏಫಾದ ಹತ್ತರಷ್ಟು ಹೋಮೆರ್: 220 ಲೀಟರ್. ಕನ್ನಡದಲ್ಲಿ ನಡುವೆ ಇರುವುದು ಒಂದು 'ಹ'ಕಾರ. ಅದನ್ನು ನುಂಗಿ ಓದುವ ಬಾಯಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಹೀಬ್ರೂವಿನಲ್ಲಿ ಮೊದಲ ಅಕ್ಷರಗಳೇ ಬೇರೆ, ಒಂದು 'ಅಯಿನ್', ಇನ್ನೊಂದು 'ಹೆತ್'. ಈ 'ಹ' ಬಿದ್ದುಹೋದರೆ ನೂರು ಪಟ್ಟು ವ್ಯತ್ಯಾಸ. ಯೆಶಾಯ 5:10 ನೋಡಿ: ಒಂದು ಹೋಮೆರ್ ಬೀಜಕ್ಕೆ ಒಂದು ಏಫಾ ಬೆಳೆ. ಬಿತ್ತಿದ್ದರಲ್ಲಿ ಹತ್ತನೇ ಒಂದು ಪಾಲೂ ಕಷ್ಟದಲ್ಲಿ ಬಂತು, ಅದು ಶಾಪ. ಓಮೆರ್ ಎಂದು ಓದಿದಿರೋ, ಬಿತ್ತಿದ್ದಕ್ಕೆ ಹತ್ತರಷ್ಟು ಫಸಲು! ಶಾಪವೇ ಆಶೀರ್ವಾದವಾಗಿಬಿಡುತ್ತದೆ.

ಇಷ್ಟಾದರೂ ಏಫಾ, ಓಮೆರ್ ನಮಗೆ ಮೋಸ ಮಾಡುವುದು ಕಡಿಮೆ. ಗುರುತಿಲ್ಲದ ಪದವಾದ್ದರಿಂದ ಓದುಗ ನಿಂತು ಕೇಳುತ್ತಾನೆ. ಮೋಸ ಮಾಡುವುದು ಮನೆಯ ಪದ. ಸಾರಳು ಅತಿಥಿಗಳಿಗೆ ನಾದಿದ ಹಿಟ್ಟು (ಆದಿಕಾಂಡ 18:6), ಯೇಸು ಹೇಳಿದ ಹುಳಿಹಿಟ್ಟಿನ ಸಾಮ್ಯದ, ಅಂದರೆ ದೃಷ್ಟಾಂತ ಕಥೆಯ, ಹೆಂಗಸು ಕಲಸಿದ ಹಿಟ್ಟು (ಮತ್ತಾಯ 13:33), ಎರಡೂ ಮೂರು 'ಸೆಆ'. ಇದನ್ನು ಮೂರು ಸೇರು ಎಂದು ಓದಿದರೆ ಯಾರೂ ತಲೆ ಎತ್ತುವುದಿಲ್ಲ. ನಮ್ಮ ಸೇರು ಲೀಟರಿನ ಆಸುಪಾಸು, ದೊಡ್ಡ ಸಂಸಾರಕ್ಕೆ ಒಂದು ಹೊತ್ತಿನ ಅಡುಗೆ. ಸೆಆ ಏಫಾದ ಮೂರನೇ ಒಂದು ಪಾಲು, ಏಳು ಲೀಟರಿಗೂ ಮೇಲೆ. ಮೂರು ಸೆಆ ಎಂದರೆ ಆ ಬಕೆಟ್ಟಿನ ಅಕ್ಕಿಯಷ್ಟೂ. ಹಿಟ್ಟಾದರೆ ಸುಮಾರು 12 ಕಿಲೋ, ನೀರು ಬೆರೆತ ಮೇಲೆ ಇನ್ನೂ ಭಾರ. ಬಂದ ಮೂವರಿಗೆ ಊರೂಟದಷ್ಟು ರೊಟ್ಟಿ. ಬಕೆಟ್ ಎದುರಿಗಿಲ್ಲದೆ ಆ ಸಾಮ್ಯದ ಅತಿಶಯ ಕಾಣುವುದೇ ಇಲ್ಲ. ರೂತಳು ಒಂದು ದಿನ ಹಕ್ಕಲಾಯ್ದು ಬಡಿದು ತೆಗೆದ ಜವೆಗೋದಿಯೂ ಒಂದು ಏಫಾದಷ್ಟು, ಹೊತ್ತು ಊರಿಗೆ ನಡೆಯುವಾಗ ತಲೆಯ ಮೇಲೆ 13 ಕಿಲೋ.

ಕೊನೆಗೆ ತಲಾಂತು. ಸಭೆಗಳಲ್ಲಿ ಈ ಪದಕ್ಕೆ ಹಾಡುವ, ಮಾತಾಡುವ ವರ ಎಂಬ ಅರ್ಥವೇ ನಿಂತಿದೆ. ಆ ಅರ್ಥ ಮತ್ತಾಯ 25ರ ಸಾಮ್ಯದಿಂದಲೇ ಆಮೇಲೆ ಹುಟ್ಟಿದ್ದು. ಅಲ್ಲಿ ಯಜಮಾನನೊಬ್ಬ ಊರು ಬಿಡುವಾಗ ಮೂವರು ಆಳುಗಳಿಗೆ ಐದು, ಎರಡು, ಒಂದು ತಲಾಂತು ಒಪ್ಪಿಸುತ್ತಾನೆ; ಒಂದು ಸಿಕ್ಕವನು ಅದನ್ನು ಹೂತಿಡುತ್ತಾನೆ. ಸಾಮ್ಯದೊಳಗೆ ಅದು ತೂಕ, ದುಡ್ಡು. ಹಳೆ ಒಡಂಬಡಿಕೆಯಲ್ಲಿ 3000 ಶೆಕೆಲ್, 34 ಕಿಲೋ. ವಿಮೋಚನಕಾಂಡ 38ರಲ್ಲಿ ಲೆಕ್ಕವೇ ಸಿಗುತ್ತದೆ: 6,03,550 ಗಂಡಸರು ತಲೆಗೆ ಅರ್ಧ ಶೆಕೆಲ್ ಕೊಟ್ಟಾಗ ಕೂಡಿದ್ದು 100 ತಲಾಂತು, 1775 ಶೆಕೆಲ್. ಯೇಸುವಿನ ಕಾಲಕ್ಕೆ ತಲಾಂತು ಎಂದರೆ ಸುಮಾರು 6000 ದಿನಾರಿ, ದಿನಾರಿಯೊಂದು ಆಳಿನ ದಿನಗೂಲಿ. ವರ್ಷಕ್ಕೆ 300 ದಿನ ದುಡಿದರೂ ಇಪ್ಪತ್ತು ವರ್ಷ. ಒಂದೇ ತಲಾಂತು ಸಿಕ್ಕವನನ್ನು ಕಡಿಮೆ ಪ್ರತಿಭೆಯವನೆಂದು ಕನಿಕರದಿಂದ ಓದುವುದು ರೂಢಿ. ಅಷ್ಟು ಬೆಳ್ಳಿ ನಾಣ್ಯಗಳ ತೂಕ 23 ಕಿಲೋ. ಅಕ್ಕಿಯನ್ನೆಲ್ಲ ಮತ್ತೆ ತುಂಬಿ ಆ ಮೂಟೆಯನ್ನು ಎತ್ತಿ ನೋಡಿ: ಅವನು ನೆಲ ಅಗೆದು ಹೂತಿಟ್ಟದ್ದು ಹೆಚ್ಚುಕಡಿಮೆ ಅಷ್ಟು.