ಶೆಗಡಿ ಇಟ್ಟ ರಾತ್ರಿ

ಧಾರವಾಡದ ಹೊರಗಿನ ಒಂದು ನರ್ಸರಿಯಲ್ಲಿ ಆರ್ಕಿಡ್ ಪಾಲಿಹೌಸ್, ಅಂದರೆ ಪ್ಲಾಸ್ಟಿಕ್ ಹೊದಿಸಿದ ಗಿಡದ ಮನೆ, ನೋಡಿಕೊಳ್ಳುವುದು ನನ್ನ ಕೆಲಸ. ನಾವು ಬೆಳೆಸುವುದು ಮರದ ಮೇಲೆ ಬೆಳೆಯುವ ಜಾತಿಗಳನ್ನು, ಅದರಲ್ಲೂ ಪರಿಮಳ ಇರುವವನ್ನು. ನೋಡಲು ಬಂದವರು "ಇದು ಬದನಿಕಿ ಅಲ್ಲೇನ್ರಿ?" ಅಂತ ಕೇಳುತ್ತಾರೆ. ಬದನಿಕೆ ಮರದ ರಸ ಹೀರಿ ಬದುಕುತ್ತದೆ. ಇವು ಮರದ ಮೇಲೆ ಜಾಗ ಮಾಡಿಕೊಂಡು ಕೂತಿರುತ್ತವೆ ಅಷ್ಟೇ, ಮರದಿಂದ ಏನನ್ನೂ ಕೇಳುವುದಿಲ್ಲ.

ಮಲೆನಾಡಿನ ಹೆಣ್ಣುಮಕ್ಕಳು ಮುಡಿಯುವ ಸೀತಾಳೆ ದಂಡೆಯೂ ಇಂಥ ಆರ್ಕಿಡ್ಡೇ; ಅದು ಬೇಸಿಗೆ ಮುಗಿದು ಮಳೆ ಹಿಡಿಯುವ ಹೊತ್ತಿಗೆ ಅರಳುತ್ತದೆ. ಅದೇ ಕುಲದ ರಿಂಕೋಸ್ಟೈಲಿಸ್ ಜೈಗಾಂಟಿಯಾ ಹೂ ಬಿಡುವುದು ಚಳಿಗಾಲದಲ್ಲಿ. ಥಾಯ್ಲೆಂಡಿನಲ್ಲಿ ಅದನ್ನು ಚಾಂಗ್, ಅಂದರೆ ಆನೆ, ಅನ್ನುತ್ತಾರೆ. ಬಿಸಿ ನಾಡಿನ ಗಿಡ. ನಮ್ಮಲ್ಲಿ ಮಾಗಿಯ ಕೆಲವು ರಾತ್ರಿ 12–13 ಡಿಗ್ರಿಗೆ ಇಳಿದುಬಿಡುತ್ತದೆ. ಹಾಗಾಗಿ ಆ ಎರಡು ತಿಂಗಳು ಹೀಟರ್ ಹಾಕಿ 16ರ ಕೆಳಗೆ ಹೋಗದಂತೆ ನೋಡಿಕೊಳ್ಳುತ್ತೇವೆ.

ಒಂದು ಜನವರಿಯಲ್ಲಿ, ಮೊಗ್ಗು ತುಂಬಿದ ಹೊತ್ತಿನಲ್ಲೇ, ಸಂಜೆ ಕರೆಂಟ್ ಹೋಯಿತು. ನಾನು ಎರಡು ಶೆಗಡಿಗೆ ಇದ್ದಿಲು ಹಾಕಿ ಒಳಗಿಟ್ಟು, ಬಿಸಿ ಹೊರಗೆ ಹೋಗದಿರಲಿ ಅಂತ ಪರದೆಗಳನ್ನೆಲ್ಲ ಬಿಗಿಯಾಗಿ ಇಳಿಸಿದೆ. ಬೆಳಿಗ್ಗೆ ಥರ್ಮಾಮೀಟರ್ 18 ತೋರಿಸುತ್ತಿತ್ತು. ಗೆದ್ದೆ ಅಂದುಕೊಂಡೆ. ನೀರು ಹಾಕುವ ಅಕ್ಕಾರು ಬಾಗಿಲಲ್ಲೇ ನಿಂತು ಸೆರಗು ಮೂಗಿಗೆ ಹಿಡಿದರು. "ತಮ್ಮಾ, ಕಾಲಿಟ್ರ ಕಣ್ಣ ಉರಿತಾವ. ಈ ಹೂವಿನ ಗತಿ ಏನೋ?"

ಮೂರನೆಯ ದಿನ ಮೊಗ್ಗು ಹಳದಿಯಾದವು. ಬೆರಳು ತಾಗಿದರೆ ಸಾಕು, ಉದುರುತ್ತಿದ್ದವು. ಪಕ್ಕದ ಸಾಲಿನ ಕ್ಯಾಟ್ಲಿಯಾ ಅನ್ನುವ ಇನ್ನೊಂದು ಆರ್ಕಿಡ್ಡಿನ ಹೊರ ಎಸಳುಗಳು ತುದಿಯಿಂದ ಒಣಗಿ ಕಾಗದದಂತಾದವು. ಇಡೀ ವರ್ಷ ಕಾದ ಹೂವು. ಇದ್ದಿಲು ಅರ್ಧಂಬರ್ಧ ಉರಿದಾಗ ಬರುವ ಹೊಗೆಯಲ್ಲಿ ಎಥಿಲೀನ್ ಇರುತ್ತದೆ. ಕಾಯಿ ಹಣ್ಣಾಗಿಸುವ ಅದೇ ಅನಿಲ. ಆರ್ಕಿಡ್ ಹೂವಿಗೆ ಅದು ಬಹಳ ಸ್ವಲ್ಪ ಸಾಕು, ಹೊತ್ತಿಗೆ ಮುಂಚೆ ಮುದಿಯಾಗುತ್ತದೆ. ಅದೇ ಹೊಗೆಯಲ್ಲಿ ಮನುಷ್ಯರ ಜೀವ ತೆಗೆಯಬಲ್ಲ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಕೂಡ ಇರುತ್ತದೆ. ಅಕ್ಕಾರು ಅಂದು ಬಾಗಿಲಲ್ಲೇ ನಿಂತದ್ದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಮುಚ್ಚಿದ ಜಾಗದಲ್ಲಿ ಯಾರೂ ಶೆಗಡಿ ಇಡಬೇಡಿ.

ಈಗ ಒಳಗೆ ಬೆಂಕಿ ಅನ್ನುವುದೇ ಇಲ್ಲ. ಬೆಂಚುಗಳ ಕೆಳಗೆ ನೀರು ತುಂಬಿದ ಕಪ್ಪು ಡ್ರಮ್ಮುಗಳಿವೆ. ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ನಿಧಾನಕ್ಕೆ ಬಿಡುತ್ತವೆ. ಒಳಗಡೆ ಇನ್ನೊಂದು ಪದರ ಪ್ಲಾಸ್ಟಿಕ್ ಕಟ್ಟಿದ್ದೇವೆ. ಫ್ಯಾನಿಗೆ ಇನ್ವರ್ಟರ್ ಇದೆ. ಗಾಳಿ ನಿಂತರೆ ಎಲೆ ಮೇಲೆ ಕೂತ ಹನಿ ಆರದೆ ಕೊಳೆ ಹಿಡಿಯುತ್ತದೆ. ಕರೆಂಟ್ ಹೀಟರ್ ಓಡಿದಷ್ಟೂ ಗಾಳಿ ಒಣಗುತ್ತದೆ, ಅದಕ್ಕೆ ಬೆಳಿಗ್ಗೆ ನೆಲಕ್ಕೂ ನೀರು ಚಿಮುಕಿಸುತ್ತೇವೆ.

ನೀರು ಎಷ್ಟು ಹಾಕಬೇಕು ಅನ್ನುವುದನ್ನು ಗಿಡದ ಬೇರೇ ಹೇಳುತ್ತದೆ. ಒಣಗಿದಾಗ ಬೆಳ್ಳಿ ಬಣ್ಣ. ನೀರು ತಾಗಿದ ಕೂಡಲೇ ಹೊರಗಿನ ಸ್ಪಂಜಿನಂಥ ಪದರ ಅದನ್ನು ಹೀರಿಕೊಂಡು ನಿಮ್ಮ ಕಣ್ಣೆದುರೇ ಹಸಿರಾಗುತ್ತದೆ. ಎಲ್ಲ ಬೇರೂ ಹಸಿರಾಯಿತೆಂದರೆ ಪೈಪು ತೆಗೆಯಬೇಕು. ಇದನ್ನು ಹೊಸ ಹುಡುಗರಿಗೆ ಕಲಿಸುವವರು ಅಕ್ಕಾರೇ.

ಈ ಸಲ ಚಾಂಗ್ ಏಳು ಗೊಂಚಲು ಬಿಟ್ಟಿದೆ. ಬಿಸಿಲೇರಿದ ಮೇಲೆ ಪರಿಮಳ ಬಾಗಿಲವರೆಗೂ ಬರುತ್ತದೆ. ಅಕ್ಕಾರು ಅಲ್ಲಿ ಒಂದು ಗಳಿಗೆ ನಿಂತು, ಆಮೇಲೆ ಒಳಗೆ ಹೋಗುತ್ತಾರೆ.