ಮಾಡೆಲ್‌ಗಿಂತ ಮೊದಲು ಹೆರಿಗೆ ವಾರ್ಡಿನ ರಿಜಿಸ್ಟರ್

ತಾಯಂದಿರ ಆರೋಗ್ಯದ ಡೇಟಾ ಕೈಗೆ ಸಿಕ್ಕ ಕೂಡಲೇ ನಮ್ಮ ತಂಡದ ಹೊಸಬರು ಕೇಳುವುದು, ಯಾವ ಸಂಖ್ಯಾಶಾಸ್ತ್ರದ ಮಾಡೆಲ್ ಹಾಕೋಣ ಅಂತ. ಅದಿರಲಿ, ರಕ್ತಸ್ರಾವದ ಈ ಕಾಲಂ ತುಂಬಿದ್ದು ಅಳೆದೋ, ಕಣ್ಣಳತೆಯಲ್ಲೋ ಅಂತ ನಾನು ಕೇಳುತ್ತೇನೆ. ಜನರ ಕಾಯಿಲೆ, ಸಾವುಗಳ ಲೆಕ್ಕ ಹಿಡಿದು ಕಾರಣ ಹುಡುಕುವ ಎಪಿಡೆಮಿಯಾಲಜಿಯಲ್ಲಿ ಸೀನಿಯರ್ ಅನ್ನಿಸಿಕೊಂಡ ಮೇಲೆ ನನ್ನ ಹೆಚ್ಚಿನ ಹೊತ್ತು ಹೋಗುವುದು ಇಂಥ ವಿಚಾರಣೆಯಲ್ಲೇ.

ಸಹಜ ಹೆರಿಗೆಯ ನಂತರ 500 ಮಿ.ಲೀ. ಅಥವಾ ಹೆಚ್ಚು ರಕ್ತ ಹೋದರೆ ಅದನ್ನು ಅತಿ ರಕ್ತಸ್ರಾವ ಎನ್ನುವುದು ವಾಡಿಕೆ. ಕಣ್ಣಳತೆಯ ರಿಜಿಸ್ಟರ್ ತೆರೆದರೆ 200, 300, 300, 250, ಹೀಗೆ ದುಂಡು ಸಂಖ್ಯೆಗಳದ್ದೇ ಸಾಲು. ಆಗಾಗ ಒಂದು 450. ಐನೂರು ದಾಟಿದ್ದು ಅಪರೂಪ. ದಾಟಿತು ಅಂತ ಬರೆದರೆ ಮುಂದೆ ವಿವರಣೆ ಕೊಡಬೇಕಲ್ಲ! ಅದೂ ಅಲ್ಲದೆ, ರಕ್ತ ಹೆಚ್ಚು ಹೋದಷ್ಟೂ ಕಣ್ಣು ಕಡಿಮೆ ಅಂದಾಜಿಸುತ್ತದೆ. ಹೆರಿಗೆಯಾದವಳ ಕೆಳಗೆ ಹಾಸಿ ರಕ್ತ ಹಿಡಿಯುವ, ಅಳತೆ ಗೆರೆಗಳಿರುವ ಪ್ಲಾಸ್ಟಿಕ್ ಹಾಳೆ, ಅಂದರೆ ಡ್ರೇಪ್, ಬಂದ ತಿಂಗಳಿಂದ ಅದೇ ಪುಟಗಳಲ್ಲಿ 535, 620 ಕಾಣಿಸಿಕೊಳ್ಳುತ್ತವೆ, ಗ್ರಾಫ್ ಜಿಗಿಯುತ್ತದೆ, ಆಡಳಿತದವರಿಗೆ ಗಾಬರಿ. ಆರೈಕೆ ಕೆಟ್ಟಿರುವುದಿಲ್ಲ. ಮೊದಲು ಲೆಕ್ಕಕ್ಕೆ ಸಿಗದಿದ್ದುದು ಈಗ ಸಿಕ್ಕಿರುತ್ತದೆ, ಅಷ್ಟೇ.

2023ರಲ್ಲಿ ಪ್ರಕಟವಾದ ಇ-ಮೋಟಿವ್ ಅಧ್ಯಯನವನ್ನು ಹೊಸಬರಿಗೆ ಓದಿಸುವುದು ಇದೇ ಕಾರಣಕ್ಕೆ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾದ ಆಸ್ಪತ್ರೆಗಳಲ್ಲಿ ನಡೆದದ್ದು. ಗೆರೆ ಇರುವ ಡ್ರೇಪ್ ಬಳಸಿದ ಕಡೆ ಅತಿ ರಕ್ತಸ್ರಾವದ ಶೇ 93ರಷ್ಟು ಪ್ರಕರಣಗಳು ಪತ್ತೆಯಾದವು, ಮಾಮೂಲಿ ಆರೈಕೆಯ ಕಡೆ ಶೇ 51. ಪತ್ತೆಯಾದ ಕೂಡಲೇ ಚಿಕಿತ್ಸೆಗಳನ್ನು ಒಟ್ಟಿಗೇ ಕೊಟ್ಟಿದ್ದರಿಂದ ಗಂಭೀರ ಪರಿಣಾಮಗಳು ಶೇ 60ರಷ್ಟು ತಗ್ಗಿದವು. ಫಲಿತಾಂಶಕ್ಕಿಂತ ನನಗೆ ಮುಖ್ಯವಾದದ್ದು ಬೇರೆ: ಎರಡೂ ಕಡೆ ರಕ್ತವನ್ನು ತೂಕ ಹಾಕಿದ್ದರು. ವಾರ್ಡಿನವರು ಬರೆದ ಅಂಕಿಯನ್ನೇ ನೆಚ್ಚಿಕೊಂಡಿದ್ದರೆ ಹೊಸ ಪದ್ಧತಿಯೇ ಅಪಾಯಕಾರಿ ಅನ್ನಿಸಿಬಿಡುತ್ತಿತ್ತು.

ರೆಫರಲ್ ಆಸ್ಪತ್ರೆಗಳ ಮರಣ ಪ್ರಮಾಣ ಹೆಚ್ಚಿರುವುದೂ ಹೀಗೆಯೇ, ಅಂಕಿ ಹೆಚ್ಚಿದ ಮಾತ್ರಕ್ಕೆ ಆರೈಕೆ ಕೆಟ್ಟದ್ದು ಅಂತಲ್ಲ. ಕೈಮೀರಿದವರನ್ನು ಕಳಿಸುವುದೇ ಅಲ್ಲಿಗೆ. ಇದನ್ನು ಯಾರಾದರೂ ಆಸ್ಪತ್ರೆಗಳ ರ‍್ಯಾಂಕಿಂಗ್ ಮಾಡಲು ಹೊರಟಾಗಲೆಲ್ಲ ಮತ್ತೆ ಹೇಳಬೇಕಾಗುತ್ತದೆ.

ಇನ್ನು ದಿನಗಳ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಯಂತೆ ತಾಯಿ ಮರಣ ಎಂದರೆ ಗರ್ಭಾವಸ್ಥೆಯಲ್ಲಿ ಅಥವಾ ಅದು ಮುಗಿದ 42 ದಿನಗಳೊಳಗೆ, ಗರ್ಭಕ್ಕೆ ಸಂಬಂಧಿಸಿದ ಕಾರಣದಿಂದ ಆದ ಸಾವು. ಅಲ್ಲಿಂದ ಒಂದು ವರ್ಷದವರೆಗಿನದು 'ತಡವಾದ ತಾಯಿ ಮರಣ', ಲಕ್ಷ ಜೀವಂತ ಜನನಗಳಿಗೆ ಎಷ್ಟು ತಾಯಿ ಮರಣ ಎಂದು ಹೇಳುವ ಮುಖ್ಯ ಅನುಪಾತದಲ್ಲಿ ಅದು ಸೇರುವುದಿಲ್ಲ. ಹೆರಿಗೆಯ ಆಸುಪಾಸಿನಲ್ಲಿ ಹೃದಯದ ಸ್ನಾಯು ದುರ್ಬಲವಾಗಿ ಐವತ್ತನೇ ದಿನ ಬೇರೊಂದು ಆಸ್ಪತ್ರೆಯ ಹೃದ್ರೋಗ ವಿಭಾಗದಲ್ಲಿ ತೀರಿಕೊಂಡವಳು ಹೆರಿಗೆಯ ಫೈಲಿನಲ್ಲಿ 'ಆರೋಗ್ಯವಾಗಿ ಡಿಸ್ಚಾರ್ಜ್' ಆಗಿಯೇ ಉಳಿದಿರುತ್ತಾಳೆ. ಬಾಣಂತನದ ಖಿನ್ನತೆಯಿಂದಾದ ಆತ್ಮಹತ್ಯೆಗಳೂ ಎಷ್ಟೋ ಸಲ ಇದೇ ಸಂದಿಯಲ್ಲಿ ಕಳೆದುಹೋಗುತ್ತವೆ. ಹೆರಿಗೆ ದಾಖಲೆಯನ್ನು ಮರಣ ನೋಂದಣಿಗೆ ಜೋಡಿಸದೆ ಇವು ಹೊರಬರುವುದಿಲ್ಲ.

ಹಾಗಾಗಿ ಪ್ರತಿ ಪ್ರಸ್ತಾವನೆಯಲ್ಲೂ ಒಂದು ವರ್ಷದ ಫಾಲೋ-ಅಪ್ ಬರೆಯುತ್ತೇನೆ. ಬಜೆಟ್ ನೋಡುವವರು ಮೊದಲು ಕತ್ತರಿ ಹಾಕುವುದೂ ಅದಕ್ಕೇ. ಆ ಸಾಲು ಉಳಿಸಿಕೊಳ್ಳಲು ಬೇಕಾದರೆ ಸ್ಯಾಂಪಲ್ ಗಾತ್ರವನ್ನೇ ತುಸು ಇಳಿಸಲು ಒಪ್ಪುತ್ತೇನೆ.