ತಿಥಿ ಯಾವತ್ತು?

ನಮ್ಮ ಕ್ರಯಾನಿಕ್ಸ್ ಗುಂಪಿನ ಮೊದಲ ಸಭೆ ಇವತ್ತು, ಕುಕ್ಕರಹಳ್ಳಿ ಕೆರೆ ಏರಿ ಮೇಲೆ. ಕ್ರಯಾನಿಕ್ಸ್ ಅಂದ್ರೆ, ಸತ್ತವರ ದೇಹವನ್ನ ವಿಪರೀತ ತಣ್ಣಗೆ ಕಾಪಾಡಿಟ್ಟು, ಮುಂದೊಂದು ದಿನ ವಿಜ್ಞಾನ ಎಬ್ಬಿಸಬಹುದು ಅಂತ ಕಾಯೋದು. ಹನ್ನೆರಡು ಜನಕ್ಕೆ ಹೇಳಿದ್ದೆ. ಬಂದದ್ದು ಪಕ್ಕದ ಮನೆ ಮೇಷ್ಟ್ರು ಒಬ್ಬರೇ, ಕೈಯಲ್ಲಿ ಕಡಲೆಕಾಯಿ ಪೊಟ್ಟಣ. ಉಳಿದವರು "ಬಿಡ್ತು ಅನ್ನಪ್ಪ" ಅಂತ ಫೋನ್ ಇಟ್ಟವರೇ. ಸಾವಿನ ಮಾತು ತೆಗೆದರೆ ಸಾಕು, ನಮ್ಮೋರಿಗೆ ಏನೋ ಕೆಲಸ ನೆನಪಾಗುತ್ತೆ ಅಲ್ವಾ?

ಮೇಷ್ಟ್ರು ಕೇಳಿದರು, "ಅಲ್ಲಯ್ಯಾ, ಕರೆಂಟ್ ಹೋದ್ರೆ?"

ಕರೆಂಟ್ ಬೇಡ ಸಾರ್. ಮೈನಸ್ 196 ಡಿಗ್ರಿಯ ದ್ರವ ಸಾರಜನಕ. ದೊಡ್ಡ ಥರ್ಮಾಸ್ ಫ್ಲಾಸ್ಕ್ ಅನ್ಕೊಳ್ಳಿ. ಆವಿಯಾದಷ್ಟು ಮತ್ತೆ ತುಂಬಿಸ್ತಾ ಇರೋದು. ಅಮೆರಿಕದ ಜೇಮ್ಸ್ ಬೆಡ್‌ಫೋರ್ಡ್ 1967ರಿಂದ ಹಾಗೇ ಇದ್ದಾರೆ.

"ಎದ್ರಾ?"

ಇನ್ನೂ ಇಲ್ಲ ಸಾರ್.

ಒಂದು ಕಡಲೆಕಾಯಿ ಸುಲಿದು, ಸಿಪ್ಪೆ ಊದಿ, ನಿಧಾನಕ್ಕೆ ಅಗಿದರು. "ಹಂಗಾದ್ರೆ ತಿಥಿ ಯಾವತ್ತು ಮಾಡೋದು?"

ಇದಕ್ಕೆ ನಾನು ತಯಾರಾಗಿರಲಿಲ್ಲ.

ಮುಂದಿನ ಭಾನುವಾರವೂ ಬರ್ತಾರಂತೆ.